ಮಾಷ್ಟ್ರೇ, ಕಾಮಾ ತಿದ್ದುವುದನ್ನು ನಿಲ್ಲಿಸಿ

ಮೈಎಸ್‌ಕ್ಯೂಎಲ್ ಡೇಟಾಬೇಸಿನಿಂದ (ದಾಖಲೆ ಜೋಡಿಸಿಡುವ ತಂತ್ರಾಂಶ) ಪ್ರತಿ ಕೃಷಿಕರ ಕೊನೆಯ ಮೂರು ತೂಕ ತೆಗೆಯಲು, ಸಾಲುಗಳಿಗೆ ಕ್ರಮಸಂಖ್ಯೆ ಕೊಡುವ ‘ರೋ_ನಂಬರ್() ಓವರ್’ ಬರೆದರೆ 1064 ಎರರ್, ಅಂದರೆ ಬರೆದ ರೀತಿ ತಪ್ಪೆಂಬ ದೂರು, ಬರುತ್ತದೆ, ಕಮಾಂಡ್ ಪ್ರಾಂಪ್ಟಿನಲ್ಲಿ ವರ್ಷನ್ ನೋಡಿದರೆ 8.0 ಎಂದೇ ಇದೆ ಎಂದಿದ್ದೀರಿ. ಆ 8.0 ದಾಖಲೆ ಇಟ್ಟುಕೊಂಡು ಉತ್ತರ ಕೊಡುವ ಸರ್ವರಿನದ್ದಲ್ಲ ಮಾರಾಯರೇ, ಅದನ್ನು ಕೇಳುವ ಕ್ಲೈಂಟಿನದ್ದು. ಲಾಗಿನ್ ಆಗಿ ‘ಸೆಲೆಕ್ಟ್ ವರ್ಷನ್()’ ಕೊಡಿ. 5.7 ಬರುತ್ತದೆಂದು ನನ್ನ ಅಂದಾಜು. ರೋ_ನಂಬರ್‌ನಂಥ ವಿಂಡೋ ಫಂಕ್ಷನ್ ಮೈಎಸ್‌ಕ್ಯೂಎಲ್‌ಗೆ ಬಂದದ್ದೇ 8.0ರಲ್ಲಿ, 2018ಕ್ಕೆ.

ಈ ಗುಂಡಿಗೆ ನಾನೂ ಬಿದ್ದವನೇ. ಕುಂಬಳೆ ಕಡೆಯ ಒಂದು ಅಡಿಕೆ ಅಂಗಡಿಗೆ ಲೆಕ್ಕದ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಮುಂದಿನ ಮೇಜಿಗೆ ಹೊಸ ಕಂಪ್ಯೂಟರ್ ಬಂತು, ಹೊಸ ಕ್ಲೈಂಟನ್ನು ನಾನೇ ಹಾಕಿದೆ. ಸರ್ವರ್ ಮಾತ್ರ ಹಿಂದಿನ ಕೋಣೆಯಲ್ಲಿ, ಗೋಣಿಗಳ ಸಂದಿಯಲ್ಲಿ, ಫ್ಯಾನಿನ ಜಾಲರಿಗೆ ಅಡಿಕೆ ಧೂಳು ಮೆತ್ತಿಕೊಂಡ ಹಳೆಯ ಡಬ್ಬ. ಮೂರು ರಾತ್ರಿ ಕಾಮಾ, ಕಂಸ ತಿದ್ದುತ್ತ ಕುಳಿತೆ. ನಾಲ್ಕನೆಯ ದಿನ ಆ ಒಂದು ಸಾಲು ಕೊಟ್ಟಾಗ 5.7 ಎಂದು ಬಂತು. ಸಾಹುಕಾರರಿಗೆ ವೈರಸ್ ಎಂದು ಹೇಳಿ ಜಾರಿಕೊಂಡೆ.

ಅಪ್‌ಡೇಟ್ ಹಾಕಿಯಾಗಿದೆ ಎನ್ನುವವರೂ ಕೇಳಿ. ವಿಂಡೋಸಿನಲ್ಲಿ ಹೊಸ ಸರ್ವರ್ 3307 ಎಂಬ ಪೋರ್ಟಿನಲ್ಲಿ (ಸಂಪರ್ಕದ ಬಾಗಿಲಿನ ಸಂಖ್ಯೆ) ಕುಳಿತು, ನಿಮ್ಮ ಪ್ರೋಗ್ರಾಂ 3306ರ ಹಳೆಯದರೊಂದಿಗೇ ಮಾತಾಡುತ್ತಿರಬಹುದು. ‘ಸೆಲೆಕ್ಟ್ @@ಪೋರ್ಟ್’ ಕೂಡ ಕೇಳಿ. ಬ್ರೌಸರಿನಲ್ಲಿ ಡೇಟಾಬೇಸ್ ತೋರಿಸುವ ಪಿಎಚ್‌ಪಿಮೈಅಡ್ಮಿನ್‌ನಲ್ಲಿ ನೋಡುವವರು ‘ಸರ್ವರ್ ವರ್ಷನ್’ ಎಂಬ ಸಾಲನ್ನು ಓದಿ, ಕೆಳಗಿನ ಕ್ಲೈಂಟ್ ಸಾಲನ್ನಲ್ಲ. ಜಾಂಪ್ ಎಂಬ ಸಿದ್ಧ ಕಟ್ಟು ಹಾಕಿಕೊಂಡವರ ಬಳಿ ಇರುವುದು ಮೈಎಸ್‌ಕ್ಯೂಎಲ್‌ನಿಂದ ಕವಲೊಡೆದ ಮರಿಯಾಡಿಬಿ, ಅದರ 10.1 ಎಂಬುದು 8.0ಕ್ಕಿಂತ ಹೊಸದು ಎಂದು ವಾದಿಸಬೇಡಿ, ಅದರ ಎಣಿಕೆಯೇ ಬೇರೆ. ಅಲ್ಲಿ ವಿಂಡೋ ಫಂಕ್ಷನ್ ಬಂದದ್ದು 10.2ರಲ್ಲಿ. ನನ್ನನ್ನು ಕೇಳಿದರೆ ಹೊಸ ಕೆಲಸಕ್ಕೆ ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸ್ ವಾಸಿ, ಆದರೆ ಈಗ ಆ ಜಗಳ ಬೇಡ.

ಎರರ್ ಬರಲಿಲ್ಲವೆಂದರೆ ಸರಿಯಿದೆ ಎಂದೂ ಅಲ್ಲ. ತೂಕ ಸೊನ್ನೆಗಿಂತ ಕಡಿಮೆ ಇರಬಾರದೆಂದು ನಾನು ಟೇಬಲ್ಲಿಗೆ ‘ಚೆಕ್’ ಎಂಬ ನಿಬಂಧನೆ ಹಾಕಿದ್ದೆ. ಹಳೆಯ ಸರ್ವರ್ ಅದನ್ನು ಓದಿ, ತಲೆಯಾಡಿಸಿ, ಸುಮ್ಮನಿತ್ತು. 8.0.16ರ ತನಕ ಅದರ ಗುಣವೇ ಹಾಗೆ. ಕಡೆಗೊಮ್ಮೆ ಒಂದು ಮೂಟೆ ಚಾಲಿ ಮೈನಸ್ 65 ಕಿಲೋ ಎಂದು ದಾಖಲಾಗಿತ್ತು.

ಸರ್ವರನ್ನು 8.0ಕ್ಕೆ ಏರಿಸುವ ಮೊದಲು ಡಂಪ್ (ಇಡೀ ಡೇಟಾಬೇಸಿನ ನಕಲು) ತೆಗೆದು ಪೆನ್‌ಡ್ರೈವಿಗೆ ಹಾಕಿ. 8.0ಕ್ಕೆ ಹೋದ ಮೇಲೆ 5.7ಕ್ಕೆ ಇಳಿಯುವ ದಾರಿ ಇಲ್ಲ. ಯುಪಿಎಸ್ ಇಲ್ಲದೆ ಮಳೆಗಾಲದಲ್ಲಿ ಕೈ ಹಾಕಲೇಬೇಡಿ, ನಮ್ಮೂರಿನ ಕರೆಂಟಿನ ವಿಷಯ ನಿಮಗೇ ಗೊತ್ತು. ಹಳೆಯ ಬಿಲ್ಲಿಂಗ್ ಪ್ರೋಗ್ರಾಂ ಲಾಗಿನ್ ಆಗದಿದ್ದರೆ ಗಾಬರಿ ಬೇಡ, 8.0ರಲ್ಲಿ ಪಾಸ್‌ವರ್ಡ್ ಪರಿಶೀಲಿಸುವ ರೀತಿ ಬದಲಾಗಿದೆ. ನಾನು ಅಡಿಕೆಯ ದರ್ಜೆಯ ಕಾಲಮ್ಮಿಗೆ ‘ರ‍್ಯಾಂಕ್’ ಎಂದು ಹೆಸರಿಟ್ಟಿದ್ದೆ, 8.0ರಲ್ಲಿ ಅದು ಮೈಎಸ್‌ಕ್ಯೂಎಲ್ ತನ್ನ ಬಳಕೆಗೇ ಕಾದಿರಿಸಿದ ಪದ. ವರ್ಷಗಳಿಂದ ಓಡುತ್ತಿದ್ದ ಕ್ವೆರಿಗಳಿಗೆ (ಡೇಟಾಬೇಸಿಗೆ ಕೇಳುವ ಪ್ರಶ್ನೆಗಳು) ಮತ್ತೆ ಅದೇ 1064! ಎಸ್ಕೇಪ್ ಕೀಲಿಯ ಕೆಳಗಿನ ಓರೆ ಚಿಹ್ನೆ (`) ಎರಡರ ನಡುವೆ ಹೆಸರನ್ನು ಸುತ್ತಿ.

ಈ ವಾರವೇ ಪಟ್ಟಿ ಬೇಕೆಂದಿದ್ದರೆ 5.7ರಲ್ಲೂ ಆಗುತ್ತದೆ: ಅದೇ ಕೃಷಿಕರ, ಆ ಸಾಲಿಗಿಂತ ದೊಡ್ಡ ಐಡಿ (ಸಾಲಿನ ಕ್ರಮಸಂಖ್ಯೆ) ಇರುವ ತೂಕಗಳನ್ನು ಒಳಕ್ವೆರಿಯಲ್ಲಿ ಎಣಿಸಿ, ಲೆಕ್ಕ ಮೂರಕ್ಕಿಂತ ಕಡಿಮೆ ಬಂದ ಸಾಲುಗಳನ್ನಷ್ಟೇ ಎತ್ತಿ. ನಿಧಾನ, ಆದರೆ ನಿಮ್ಮ ಕೆಲವು ಸಾವಿರ ಸಾಲುಗಳಿಗೆ ಸಾಕು. ಮೊದಲು ಆ ವರ್ಷನ್ ಉತ್ತರವನ್ನು ಇಲ್ಲಿ ಹಾಕಿ.