ಸಾಮಿಲ್‌ನಲ್ಲಿ ಬಿದ್ದಿರೋ ಮರದ ಹೊಟ್ಟಿಂದ ಸಕ್ಕರೆ ತೆಗೆಯೋಕಾಗುತ್ತಾ?

ತೀರ್ಥಹಳ್ಳಿ ಹತ್ರ ಸಾಮಿಲ್ ಇದೆ, ಹೊಟ್ಟು ರಾಶಿ ಬಿದ್ದಿದೆ, ಅದ್ರಿಂದ ಸಕ್ಕರೆ ತೆಗೆದು ಬಯೋಪ್ಲಾಸ್ಟಿಕ್ ಮಾಡೋರಿಗೆ ಮಾರಬಹುದಾ ಅಂತ ಕೇಳಿದೀರಿ. ಸಕ್ಕರೆ ಇರೋದೇನೋ ನಿಜ ಸರ್, ಆದ್ರೆ ಮಿಲ್ ಪಕ್ಕ ಶೆಡ್ ಹಾಕ್ಕೊಂಡು ಮಾಡೋ ಕೆಲಸ ಅಲ್ಲ. ನಾನು ಶಿವಮೊಗ್ಗದಲ್ಲಿ ಕೆಮಿಸ್ಟ್ರಿ ಪಾಠ ಮಾಡೋನು.

ಒಣಗಿದ ಮರದಲ್ಲಿ ಹೆಚ್ಚುಕಮ್ಮಿ 40ರಿಂದ 50 ಪರ್ಸೆಂಟ್ ಸೆಲ್ಯುಲೋಸ್, ಅದು ಪೂರ್ತಿ ಗ್ಲೂಕೋಸೇ, ಒಂದಕ್ಕೊಂದು ಕೊಂಡಿ ಹಾಕ್ಕೊಂಡಿರುತ್ತೆ ಅಷ್ಟೇ. ಇನ್ನೊಂದು ಕಾಲು ಭಾಗ ಹೆಮಿಸೆಲ್ಯುಲೋಸ್, ಅದೂ ಬೇರೆ ಬೇರೆ ಸಕ್ಕರೆಗಳ ಸರಪಳಿ, ಉಳಿದಿದ್ದು ಮುಖ್ಯವಾಗಿ ಲಿಗ್ನಿನ್. ಈ ಲಿಗ್ನಿನ್ನೇ ತಲೆನೋವು, ಹಲಸಿನ ಮೇಣದ ಥರ ಎಲ್ಲದಕ್ಕೂ ಅಂಟ್ಕೊಂಡು ಕೂತಿರುತ್ತೆ, ಆ ಗ್ಲೂಕೋಸ್ ಕೊಂಡಿ ಕತ್ತರಿಸೋ ಎನ್ಜೈಮ್‌ನ ಒಳಗೆ ಬಿಡಲ್ಲ. ಅದಕ್ಕೆ ಮೊದ್ಲು ಹೈ ಪ್ರೆಷರ್ ಸ್ಟೀಮ್‌ನಲ್ಲಿ ಬೇಯಿಸಿ ಒಂದೇ ಸಲಕ್ಕೆ ಪ್ರೆಷರ್ ಬಿಡ್ತಾರೆ, ನಾರು ಬಿರಿಯುತ್ತೆ, ಆಮೇಲೆ ಸೆಲ್ಯುಲೇಸ್ ಅನ್ನೋ ಎನ್ಜೈಮ್ ಹಾಕಿ 50 ಡಿಗ್ರಿ ಆಸುಪಾಸಲ್ಲಿ ಎರಡ್ಮೂರು ದಿನ ಇಡ್ಬೇಕು. ಆ ಎನ್ಜೈಮ್ ಕೊಡೋ ಬೂಷ್ಟು ಸಿಕ್ಕಿದ್ದು ಎರಡನೇ ಮಹಾಯುದ್ಧದಲ್ಲಿ, ಸೊಲೊಮನ್ ದ್ವೀಪದಲ್ಲಿ ಅಮೆರಿಕ ಸೈನ್ಯದ ಟೆಂಟು ಬಟ್ಟೆನೆಲ್ಲ ತಿಂದು ಹಾಕ್ತಿತ್ತು! ಆಸಿಡ್‌ನಲ್ಲೂ ಆಗುತ್ತೆ, ಬ್ರಾಕೊನೋ ಅನ್ನೋ ಫ್ರೆಂಚ್ ವಿಜ್ಞಾನಿ 1819ರಲ್ಲೇ ಮಾಡಿದ್ರು, ಹಂಗಂತ ನೀವು ಸಲ್ಫ್ಯೂರಿಕ್ ಆಸಿಡ್ ತಂದಿಟ್ಕೋಬೇಡಿ.

ಒಂದು ಟನ್ ಒಣ ಹೊಟ್ಟಿಗೆ ಪೇಪರ್ ಮೇಲೆ ಸುಮಾರು 500 ಕೆಜಿ ಗ್ಲೂಕೋಸ್ ಬರ್ಬೇಕು, ನಿಜವಾಗಿ ಬರೋದು ಕಮ್ಮಿ. ಹೆಮಿಸೆಲ್ಯುಲೋಸಿಂದ ಬರೋ ಕ್ಸೈಲೋಸ್ ಅನ್ನೋ ಸಕ್ಕರೆನ, ಹುಳಿ ಬರಿಸೋಕೆ ಬಳಸೋ ಮಾಮೂಲಿ ಯೀಸ್ಟ್ ಮುಟ್ಟೋದೇ ಇಲ್ಲ, ಬೇಯಿಸೋವಾಗ ಹುಟ್ಟೋ ಫರ್ಫುರಾಲ್ ಅನ್ನೋ ಕೆಮಿಕಲ್ ಬೇರೆ ಅದಕ್ಕೆ ವಿಷ. ಗ್ಲೂಕೋಸಿಂದ ಲ್ಯಾಕ್ಟಿಕ್ ಆಸಿಡ್, ಅದ್ರಿಂದ ಪಿಎಲ್‌ಎ ಅನ್ನೋ ಬಯೋಪ್ಲಾಸ್ಟಿಕ್ ಮಾಡ್ತಾರೆ, ಆದ್ರೆ ಆ ಕಂಪ್ನಿಯೋರಿಗೆ ಮೆಕ್ಕೆಜೋಳದ, ಕಬ್ಬಿನ ಸಕ್ಕರೆ ಸಲೀಸಾಗಿ ಸಿಗೋವಾಗ ನಿಮ್ಮ ಹೊಟ್ಟಿಂದ ಬರೋ ಕಂದು ಸಕ್ಕರೆ ನೀರು ಯಾರಿಗ್ ಬೇಕು? ಅದೂ ಅಕೇಶಿಯಾ, ಸಿಲ್ವರ್ ಓಕ್, ಹಲಸು ಎಲ್ಲ ಬೆರೆತಿದ್ದು. ಪಾಣಿಪತ್‌ನಲ್ಲಿ ಇಂಡಿಯನ್ ಆಯಿಲ್‌ನೋರು 2022ರಲ್ಲಿ ಭತ್ತದ ಹುಲ್ಲಿಂದ ಇದೇ ಥರ ಸಕ್ಕರೆ ತೆಗೆದು ಎಥನಾಲ್ ಮಾಡೋ ಪ್ಲಾಂಟ್ ಶುರು ಮಾಡಿದ್ರು, ಅದಕ್ಕೆ ವರ್ಷಕ್ಕೆ 2 ಲಕ್ಷ ಟನ್ ಹುಲ್ಲು ಲೆಕ್ಕ. ಆ ಸೈಜಿಗೆ ಹೋದ್ರೇನೇ ಮಾತು.

ಭದ್ರಾವತಿ ಕಬ್ಬಿಣದ ಕಾರ್ಖಾನೆಲಿ ಹಿಂದೆ ಮರದಿಂದ ಸ್ಪಿರಿಟ್ಟು ತೆಗಿತಿದ್ರಲ್ಲ ಅಂತ ಯಾರಾದ್ರೂ ಹೇಳ್ತಾರೆ, ಅದು ಇದ್ದಿಲು ಮಾಡೋವಾಗ ಬರೋ ಹೊಗೆ ತಣಿಸಿ ತೆಗೆದಿದ್ದು, ಅಲ್ಲಿ ಸಕ್ಕರೆ ಬರಲ್ಲ.

ನನ್ನ ಕೇಳಿದ್ರೆ ಅಣಬೆ ಬೆಳೆಯೋರಿಗೆ ಕೊಡಿ. ಚಿಪ್ಪಣಬೆ ಈ ಎನ್ಜೈಮ್ ಕೆಲಸನೆಲ್ಲ ಬಿಟ್ಟಿ ಮಾಡುತ್ತೆ, ಲಿಗ್ನಿನ್ನೂ ಕರಗಿಸುತ್ತೆ, ಹೊಟ್ಟಿಗೆ ತೌಡು ಸೇರಿಸಿ ಬೇಯಿಸಿ ಬ್ಯಾಗಿಗೆ ತುಂಬ್ತಾರೆ. ಪ್ಲೈವುಡ್ ಪುಡಿ, ಔಷಧಿ ಹೊಡೆದ ಮರದ್ದು ಮಾತ್ರ ಅದಕ್ಕೆ ಬೆರೆಸ್ಬೇಡಿ. ಮಿಕ್ಕಿದ್ದು, ಹೊಟ್ಟು ಒತ್ತಿ ಉರುವಲು ಗಟ್ಟಿ ಮಾಡೋ ಬ್ರಿಕೆಟ್‌ನೋರಿಗೆ ಹೋಗುತ್ತೆ, ಆದ್ರೆ ಒಣಗಿರ್ಬೇಕು, ಮಳೆ ಹಿಡಿಯೋಕೆ ಮುಂಚೆ ರಾಶಿ ಮೇಲೆ ತಗಡು ಹಾಕ್ಸಿ.