ಮ್ಯೂನಿಕ್‌ಗೆ ಹೊರಟಿದ್ದೇವೆ, ಡಖಾವ್ ನೋಡಬೇಕಾ?

ಪ್ರಶ್ನೆ: ಮಗಳು ಮ್ಯೂನಿಕ್‌ನಲ್ಲಿದ್ದಾಳೆ. ಮೇ ತಿಂಗಳಲ್ಲಿ ನಾವಿಬ್ಬರೂ ಹೋಗುತ್ತಿದ್ದೇವೆ. ನೋಡುವ ಜಾಗಗಳ ಪಟ್ಟಿಯಲ್ಲಿ ಅಳಿಯಂದಿರು, ಹಿಟ್ಲರ್ ಕಾಲದಲ್ಲಿ ಜನರನ್ನು ಕೂಡಿಹಾಕಿದ್ದ ಡಖಾವ್ ಕ್ಯಾಂಪನ್ನೂ ಸೇರಿಸಿದ್ದಾರೆ. 'ಇಷ್ಟು ದುಡ್ಡು ಸುರಿದು ಸ್ಮಶಾನ ನೋಡೋಕೆ ಹೋಗ್ಬೇಕಾ?' ಅಂತ ನನ್ನವಳ ತಕರಾರು. ಒಂಬತ್ತು ವರ್ಷದ ಮೊಮ್ಮಗನನ್ನು ಕರೆದೊಯ್ಯಬಹುದೇ? ಮೇಡಂ, ನೀವು ಹೋಗಿ ಬಂದವರು, ಹೇಳಿ.
– ಓದುಗರು, ಮೈಸೂರು

ಉತ್ತರ: ನಿಮ್ಮ ಮನೆಯವರ ಮಾತನ್ನೇ ನಾನೂ ನನ್ನ ಮಗನಿಗೆ ಹೇಳಿದ್ದೆ. ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿದವಳು ನಾನು. 'ಹಿಟ್ಲರ್ ಕಾಲದಲ್ಲಿ 60 ಲಕ್ಷ ಯಹೂದಿಗಳ ಹತ್ಯೆ' ಅಂತ ಬೋರ್ಡಿನ ಮೇಲೆ ಬರೆದು, ಕೆಳಗೆ ಗೆರೆ ಎಳೆದು, 'ಪರೀಕ್ಷೆಗೆ ಬರುತ್ತೆ' ಎಂದವಳು. ಇನ್ನು ಹೋಗಿ ನೋಡೋದೇನಿದೆ ಅನ್ನೋ ಧೋರಣೆ.

ಎಸ್-2 ಲೋಕಲ್ ಟ್ರೇನು, ಆಮೇಲೆ 726ನೇ ನಂಬರ್ ಬಸ್ಸು. ಬಸ್ಸಿನಲ್ಲಿ ಶಾಲೆ ಮಕ್ಕಳು, ತರಕಾರಿ ಚೀಲ ಹಿಡಿದ ಅಜ್ಜಿ. ಕ್ಯಾಂಪ್ ಅಂದರೆ ಎಲ್ಲೋ ಕಾಡಿನ ನಡುವೆ ಗುಟ್ಟಾಗಿತ್ತು ಅಂದುಕೊಂಡಿದ್ದೆ. ಹಾಗೇನಿಲ್ಲ. 1933ರ ಮಾರ್ಚ್ 22ರಂದು, ಹಿಟ್ಲರ್ ಬಂದು ಎರಡು ತಿಂಗಳೂ ಆಗಿರಲಿಲ್ಲ, ಪೇಪರಿನಲ್ಲಿ ಸುದ್ದಿ ಕೊಟ್ಟೇ ಶುರು ಮಾಡಿದರು. ಮೊದಲು ತುಂಬಿದ್ದು ರಾಜಕೀಯ ವಿರೋಧಿಗಳನ್ನು. ಯಹೂದಿಗಳು, ಪಾದ್ರಿಗಳು, ರೋಮಾ ಸಮುದಾಯದ ಜನ, ಸೋವಿಯತ್ ಯುದ್ಧಕೈದಿಗಳು ಆಮೇಲೆ. ಹನ್ನೆರಡು ವರ್ಷದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕೈದಿಗಳು, ಸತ್ತವರು ಕನಿಷ್ಠ 41,500. ಹತ್ತು ಲಕ್ಷಕ್ಕೂ ಹೆಚ್ಚು ಜನರನ್ನು ಕೊಂದ ಆಶ್‌ವಿಟ್ಜ್ ಕ್ಯಾಂಪ್ ಬೇರೆ, ಅದು ಪೋಲೆಂಡಿನಲ್ಲಿದೆ.

ಹೆಣ ಸುಡುತ್ತಿದ್ದ ದಹನದ ಕಟ್ಟಡದ ಮುಂದೆ ನಿಂತಾಗ ಅಳು ಬರಲಿಲ್ಲ. ಅದಕ್ಕೇ ಒಂಥರಾ ನಾಚಿಕೆಯಾಯಿತು. ನನ್ನನ್ನು ಅಲುಗಾಡಿಸಿದ್ದು ಹಾಸಿಗೆ. ಮಾದರಿಗೆಂದು ಮತ್ತೆ ಕಟ್ಟಿದ ಬ್ಯಾರಕ್‌ನಲ್ಲಿ ಮೂರಂತಸ್ತಿನ ಹಲಗೆ ಮಂಚಗಳಿವೆ. ಹುಲ್ಲಿನ ಹಾಸಿಗೆಯ ಅಂಚು ಪೆಟ್ಟಿಗೆಯ ಹಾಗೆ ನೇರ ಇರಬೇಕು, ಹೊದಿಕೆಯ ಚೌಕಳಿ ಗೆರೆಗೆ ಗೆರೆ ಕೂಡಬೇಕು. ಇಲ್ಲಾಂದ್ರೆ ಏಟು. ಇನ್ನೂರು ಜನಕ್ಕೆಂದು ಕಟ್ಟಿದ ಬ್ಯಾರಕ್‌ಗೆ ಕೊನೆಕೊನೆಗೆ ಎರಡು ಸಾವಿರದವರೆಗೂ ತುರುಕಿದ್ದರು. ಹಾಸ್ಟೆಲ್ ವಾರ್ಡನ್ ಆಗಿದ್ದಾಗ ನಾನೂ ಮಕ್ಕಳ ಹಾಸಿಗೆ ಸುಕ್ಕಾಗಿದ್ದರೆ ಗದರಿಸಿದ್ದುಂಟು. ಎರಡಕ್ಕೂ ಹೋಲಿಕೆಯಿಲ್ಲ, ಗೊತ್ತು. ಆದರೂ ಆ ಮಂಚದ ಮುಂದೆ ನೆನಪಾಗಿದ್ದು ಅದೇ.

ನೀವು ಮೈಸೂರಿನವರು, ಅದಕ್ಕೇ ಇದನ್ನು ಹೇಳಬೇಕು. ಆ ದಹನದ ಕಟ್ಟಡದಲ್ಲಿ ನೂರ್ ಇನಾಯತ್ ಖಾನ್ ನೆನಪಿನ ಫಲಕವಿದೆ. ತಂದೆ ಬರೋಡಾದ ಸಂಗೀತಗಾರ, ವಂಶ ನಮ್ಮ ಟಿಪ್ಪು ಸುಲ್ತಾನನದು. ಬ್ರಿಟನ್ನಿನ ಪರವಾಗಿ ಪ್ಯಾರಿಸ್‌ನಲ್ಲಿ ಗುಟ್ಟಾಗಿ ವೈರ್‌ಲೆಸ್ ನಡೆಸಿ ಸಿಕ್ಕಿಬಿದ್ದಳು. 1944ರ ಸೆಪ್ಟೆಂಬರ್ 13ರಂದು ಇನ್ನೂ ಮೂವರು ಹೆಂಗಸರ ಜೊತೆ ಅವಳನ್ನು ಇಲ್ಲೇ ಕೊಂದರು. ಮೂವತ್ತು ವರ್ಷ. ಇಷ್ಟು ವರ್ಷ ಟಿಪ್ಪು ಪಾಠ ಮಾಡಿದ್ದೇನೆ, ಈ ಹುಡುಗಿಯ ಹೆಸರು ಒಂದು ದಿನವೂ ಎತ್ತಿರಲಿಲ್ಲ.

ಮೊಮ್ಮಗ ಬೇಡ. ಚಿಕ್ಕ ಮಕ್ಕಳಿಗೆ ಅದು ತಕ್ಕ ಜಾಗ ಅಲ್ಲ. ನಿಮ್ಮವರಿಗೆ ಬಲವಂತವೂ ಬೇಡ, ಅವರು ಮೊಮ್ಮಗನ ಜೊತೆ ಪಾರ್ಕಿಗೆ ಹೋಗಲಿ. ಪ್ರವೇಶಕ್ಕೆ ದುಡ್ಡಿಲ್ಲ. ಅರ್ಧ ದಿನವಾದರೂ ಇಟ್ಟುಕೊಳ್ಳಿ, ಜಲ್ಲಿಕಲ್ಲಿನ ಮೇಲೆ ನಡಿಗೆ ಜಾಸ್ತಿ, ಒಳ್ಳೆ ಶೂ ಹಾಕಿ. ಬುತ್ತಿಯನ್ನು ಒಳಗೆ ಬಿಚ್ಚಬೇಡಿ. ಕೈದಿಗಳನ್ನು ಗಂಟೆಗಟ್ಟಲೆ ನಿಲ್ಲಿಸಿ ಎಣಿಸುತ್ತಿದ್ದ ಮೈದಾನದ ಅಂಚಿನಲ್ಲಿ ನಾನು ಚಿತ್ರಾನ್ನದ ಡಬ್ಬಿ ತೆಗೆದಿದ್ದೆ. ಮಗ ಮಾತಾಡದೆ ಮುಚ್ಚಳ ಮುಚ್ಚಿದ. ಅವತ್ತು ಸಂಜೆ ಬೇರೇನೂ ನೋಡುವ ಪ್ಲಾನ್ ಇಟ್ಟುಕೊಳ್ಳಬೇಡಿ.

ಪ್ರಶ್ನೆ: ಮಗ ಬರ್ಲಿನ್‌ನ ಯಹೂದಿ ಸ್ಮಾರಕದ ಕಲ್ಲಿನ ಮೇಲೆ ಹತ್ತಿ ಕೂತ ಫೋಟೊ ಸ್ಟೇಟಸ್‌ಗೆ ಹಾಕಿದ್ದಾನೆ. ತಪ್ಪಲ್ವಾ?
– ಓದುಗರು, ಹಾಸನ

ಉತ್ತರ: ತಪ್ಪೇ. ಆದರೆ 2,711 ಕಾಂಕ್ರೀಟ್ ದಿಮ್ಮಿಗಳಿವೆ, ಒಂದರ ಮೇಲೂ ಹೆಸರಿಲ್ಲ. ಗೊತ್ತಿಲ್ಲದವನಿಗೆ ಕಟ್ಟೆ ಥರ ಕಾಣುತ್ತದೆ. ಬೈಯೋದಕ್ಕೆ ಮುಂಚೆ, 'ಮೆಟ್ಟಿಲಿಳಿದು ಕೆಳಗೆ ಹೋಗಿದ್ಯಾ?' ಅಂತ ಕೇಳಿ. ನೆಲದಡಿಯ ಒಂದು ಕತ್ತಲೆ ಕೋಣೆಯಲ್ಲಿ ಸತ್ತವರ ಹೆಸರು, ಒಬ್ಬೊಬ್ಬರ ಬಗ್ಗೆ ನಾಲ್ಕು ಮಾತು ಓದಿ ಕೇಳಿಸುತ್ತಾರೆ. ಎಲ್ಲರದ್ದೂ ಹೀಗೆ ಓದಿ ಮುಗಿಸಲು ಆರು ವರ್ಷಕ್ಕೂ ಜಾಸ್ತಿ ಬೇಕಂತೆ. ಹತ್ತು ನಿಮಿಷ ಕೂತು ಬರಲಿ. ಸ್ಟೇಟಸ್‌ನಿಂದ ಆ ಫೋಟೊ ತಾನಾಗೇ ತೆಗೆದುಹಾಕ್ತಾನೆ.