ಅಣ್ಣ ವಚನ ತೋರಿಸಿ ಸಹಿ ಕೇಳುತ್ತಾನೆ

ಪ್ರಶ್ನೆ: ಅಕ್ಕ, ನಮ್ಮದು ವೇಮಗಲ್ ಕಡೆಯ ಹಳ್ಳಿ. ಅಪ್ಪ ಮಿಲಿಟರಿಯಿಂದ ಬಂದ ದುಡ್ಡಲ್ಲಿ ಒಂದೂವರೆ ಎಕರೆ ಕೊಂಡಿದ್ದರು. ಎರಡು ವರ್ಷದ ಹಿಂದೆ ವಿಲ್ ಬರೆಯದೆ ತೀರಿಕೊಂಡರು. ಅಮ್ಮ ಇದ್ದಾರೆ. ನಾವು ಇಬ್ಬರು ಗಂಡು, ಇಬ್ಬರು ಹೆಣ್ಣು. ಈ ಕಡೆ ಫ್ಯಾಕ್ಟರಿಗಳು ಬಂದ ಮೇಲೆ ಜಮೀನಿಗೆ ಬೆಲೆ ಬಂದಿದೆ, ಗಿರಾಕಿಯೂ ಸಿಕ್ಕಿದ್ದಾನೆ. ಹೆಣ್ಣುಮಕ್ಕಳು ತಮ್ಮ ಪಾಲು ಬಿಟ್ಟುಕೊಡುವ ಹಕ್ಕು ಖುಲಾಸೆ ಪತ್ರಕ್ಕೆ ಸಹಿ ಹಾಕಬೇಕಂತೆ. ದೊಡ್ಡಣ್ಣ ನಮ್ಮ ಚರ್ಚಿನ ಸಭೆಯಲ್ಲಿ ಹಿರಿಯ. ‘ಬಂಗಾರಕ್ಕಿಂತ ಜ್ಞಾನ ದೊಡ್ಡದು ಅಂತ ಸಂಡೇ ಸ್ಕೂಲಲ್ಲಿ ಬಾಯಿಪಾಠ ಒಪ್ಪಿಸಿದವಳು ನೀನೇ ಅಲ್ವಾ? ಪರಲೋಕದಲ್ಲಿ ಗಂಟು ಕಟ್ಟಿಕೋ, ಮಣ್ಣಿಗೆ ಯಾಕಮ್ಮ ಆಸೆ ಬೀಳ್ತೀಯ’ ಅಂತಾನೆ. ನಮ್ಮ ಯಜಮಾನರು ಕೋಲಾರದ ಟೊಮೆಟೊ ಮಂಡಿಯಲ್ಲಿ ಬಾಕ್ಸ್ ಹೊರುತ್ತಾರೆ. ಮಗಳು ಎರಡನೇ ಪಿಯುಸಿ, ನರ್ಸಿಂಗ್ ಓದಬೇಕು ಅಂತಾಳೆ. ಪಾಲು ಕೇಳಿದರೆ ನಾನು ಲೋಕದ ಆಸೆಗೆ ಬಿದ್ದವಳಾಗ್ತೀನಾ?
ಹೆಸರು ಬೇಡ, ಕೋಲಾರ ತಾಲ್ಲೂಕು

ಉತ್ತರ: ಇಲ್ಲ ತಂಗಿ. ಪಾಲು ಕೇಳುವುದು ಪಾಪವಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಿನ್ನ ಕಾಗದದ ಕೊನೆಯ ಸಾಲಿನಲ್ಲಿ ಶಾಯಿ ಕದಡಿರುವುದನ್ನು ನೋಡಿದೆ.

ನಿಮ್ಮಣ್ಣ ಹೇಳಿದ ವಚನ ಬೈಬಲಿನ ಜ್ಞಾನೋಕ್ತಿಗಳ ಹದಿನಾರನೆಯ ಅಧ್ಯಾಯದಲ್ಲಿದೆ. ನಿಜವಾದ ಮಾತು, ನಾನೂ ನಂಬಿ ಬದುಕಿದ ಮಾತು. ನನಗೆ ಅದನ್ನು ಕಲಿಸಿದವರು ನಮ್ಮಪ್ಪ. ಅವರು ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ ದುಡಿದವರು. ನೆಲದಿಂದ ಮೂರು ಕಿಲೋಮೀಟರಿಗೂ ಆಳಕ್ಕೆ ಹೋದ ಗಣಿ ಅದು. ಅಷ್ಟು ಕೆಳಗೆ ಬಂಡೆಯೇ ಸುಡುತ್ತದೆ. ಒಂದು ಟನ್ ಕಲ್ಲು ಮೇಲಕ್ಕೆ ತಂದು ಅರೆದರೆ ಸಿಗುತ್ತಿದ್ದುದು ಕೆಲವೇ ಗ್ರಾಂ ಚಿನ್ನ.

ಅಪ್ಪನಿಗೆ ಓದು ಅಷ್ಟಾಗಿ ಬರುತ್ತಿರಲಿಲ್ಲ. ರಾತ್ರಿ ಊಟವಾದ ಮೇಲೆ ನನ್ನ ಕೈಲಿ ಯೋಬನ ಗ್ರಂಥದ ಇಪ್ಪತ್ತೆಂಟನೆಯ ಅಧ್ಯಾಯ ಓದಿಸುತ್ತಿದ್ದರು. ಬೆಳ್ಳಿಗೆ ಗಣಿಯುಂಟು, ಬಂಗಾರಕ್ಕೆ ಸ್ಥಳವುಂಟು ಎಂದು ಶುರುವಾಗುವ ಅಧ್ಯಾಯ. ಮನುಷ್ಯರು ಕತ್ತಲೆಯನ್ನು ಭೇದಿಸಿ, ಯಾರೂ ಓಡಾಡದ ಕಡೆ ಗುಂಡಿ ತೋಡಿ, ಜೋತಾಡಿಕೊಂಡು ಇಳಿಯುತ್ತಾರೆ ಎಂದು ಅಲ್ಲಿದೆ. ‘ಇದನ್ನ ಬರೆದವನು ಗಣಿಗೆ ಇಳಿದು ಬಂದವನೇ ಇರಬೇಕು ಕಣಮ್ಮ’ ಅನ್ನುತ್ತಿದ್ದರು ಅಪ್ಪ. ಆಮೇಲೆ ಪ್ರಶ್ನೆ ಬರುತ್ತದೆ, ಜ್ಞಾನ ಎಲ್ಲಿ ಸಿಕ್ಕೀತು? ಭೂಮಿಯ ಆಳ ನನ್ನಲ್ಲಿಲ್ಲ ಅನ್ನುತ್ತದೆ, ಸಮುದ್ರವೂ ನನ್ನ ಹತ್ತಿರ ಇಲ್ಲ ಅನ್ನುತ್ತದೆ. ಚಿನ್ನಕ್ಕೆ ಹೆಸರಾದ ಓಫೀರ್ ನಾಡಿನ ಚಿನ್ನ ತೂಗಿ ಕೊಟ್ಟರೂ ಅದು ಸಿಗದು. ಆ ಸಾಲು ಬಂದಾಗ ಅಪ್ಪ ಕೆಮ್ಮುತ್ತಲೇ ತಲೆಯಾಡಿಸುತ್ತಿದ್ದರು. ಗಣಿಯ ಧೂಳು ಅವರ ಎದೆಯಲ್ಲಿ ಕೂತಿತ್ತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ್ದನ್ನು ನೋಡಲು ಅವರು ಇರಲಿಲ್ಲ. ಈಗಲೂ ಗಾಳಿ ಎದ್ದರೆ ಚಿನ್ನ ತೆಗೆದ ಮೇಲೆ ಸುರಿದ ಸೈನೈಡ್ ದಿಬ್ಬದ ಪುಡಿ ಹಾರಿ ಬಂದು ಒಣಹಾಕಿದ ಬಟ್ಟೆಯ ಮೇಲೆ ಕೂರುತ್ತದೆ.

ಜ್ಞಾನ ಎಂದರೇನು ಎಂದು ಹೇಳಿಯೇ ಆ ಅಧ್ಯಾಯ ಮುಗಿಯುತ್ತದೆ. ಕರ್ತನಿಗೆ ಭಯಪಡುವುದು, ಕೆಟ್ಟದ್ದನ್ನು ಬಿಡುವುದು. ಹಾಗಾದರೆ ತಂದೆ ಬಿಟ್ಟುಹೋದದ್ದನ್ನು ಹಂಚುವಾಗ ಆ ಭಯ ಎಲ್ಲರಿಗಿಂತ ಮೊದಲು ಇರಬೇಕಾದದ್ದು ಯಾರಿಗೆ? ಹಂಚುವವರಿಗೆ. ನಿಮ್ಮಣ್ಣ ಆ ವಚನವನ್ನು ತಮ್ಮ ಪಾಲಿಗೆ ಅನ್ವಯಿಸಿಕೊಂಡು, ‘ನನಗೆ ಬೇಡ, ತಂಗಿಯರಿಗೆ ಇರಲಿ’ ಅಂದಿದ್ದರೆ ನಾನು ಕೈ ಮುಗಿಯುತ್ತಿದ್ದೆ. ಪರಲೋಕದಲ್ಲಿ ಗಂಟು ಕಟ್ಟಿಕೊಳ್ಳಿ ಎಂದು ಯೇಸು ಹೇಳಿದ್ದು ಅವರವರ ಗಂಟಿನ ವಿಷಯ. ಇನ್ನೊಬ್ಬರ ಸೆರಗಿನಿಂದ ಬಿಚ್ಚಿ ಅಲ್ಲಿಗೆ ಕಳಿಸುವ ಅಧಿಕಾರವನ್ನು ಯಾರಿಗೂ ಕೊಡಲಿಲ್ಲ.

ಅಪ್ಪ ಓದಿಸುತ್ತಿದ್ದ ಅದೇ ಪುಸ್ತಕದ ಕೊನೆಯ ಅಧ್ಯಾಯ ತೆಗೆದು ನೋಡು. ಯೋಬನಿಗೆ ಕಷ್ಟ ಕಳೆದ ಮೇಲೆ ಏಳು ಗಂಡು, ಮೂರು ಹೆಣ್ಣು. ಗಂಡುಮಕ್ಕಳ ಹೆಸರು ಒಂದೂ ಬರೆದಿಲ್ಲ. ಹೆಣ್ಣುಮಕ್ಕಳ ಮೂರು ಹೆಸರೂ ಇವೆ: ಯೆಮೀಮ, ಕೆಚೀಯ, ಕೆರೆನ್ಹಪ್ಪೂಕ್. ತಂದೆ ಅವರಿಗೆ ಅಣ್ಣತಮ್ಮಂದಿರ ಜೊತೆಯಲ್ಲೇ ಸ್ವಾಸ್ತ್ಯ, ಅಂದರೆ ಆಸ್ತಿಯ ಪಾಲು, ಕೊಟ್ಟ ಎಂದೂ ಬರೆದಿದೆ. ಬಂಗಾರಕ್ಕಿಂತ ಜ್ಞಾನ ಮೇಲು ಎಂದು ಅಷ್ಟು ಚೆನ್ನಾಗಿ ಹೇಳಿದ ಪುಸ್ತಕವೇ ಹೆಣ್ಣುಮಕ್ಕಳ ಪಾಲನ್ನು ಮರೆಯಲಿಲ್ಲ. ಬೈಬಲಿನ ಅರಣ್ಯಕಾಂಡದಲ್ಲಿ ಚಲ್ಪಹಾದ ಎಂಬವನ ಐದು ಹೆಣ್ಣುಮಕ್ಕಳು ಮೋಶೆಯ ಮುಂದೆ ನಿಂತು ನಮಗೂ ಭೂಮಿ ಕೊಡಿ ಎಂದು ಕೇಳಿದರು. ಅವರು ಕೇಳುವುದು ನ್ಯಾಯ ಎಂದು ದೇವರೇ ಹೇಳಿದ.

ನಿಮ್ಮಣ್ಣ ಲೂಕನ ಸುವಾರ್ತೆಯ ಹನ್ನೆರಡನೆಯ ಅಧ್ಯಾಯವನ್ನೂ ತೆಗೆಯಬಹುದು. ಅಣ್ಣನಿಂದ ಪಾಲು ಕೊಡಿಸು ಎಂದು ಬಂದವನಿಗೆ, ನನ್ನನ್ನು ನ್ಯಾಯಾಧಿಪತಿಯಾಗಿ ಇಟ್ಟವರು ಯಾರು ಎಂದು ಯೇಸು ಕೇಳಿದ್ದು ನಿಜ. ಆದರೆ ಆಮೇಲೆ ಹೇಳಿದ ಕಥೆ ಯಾರದು? ಬೆಳೆ ಹೆಚ್ಚಾಗಿ ಕಣಜ ಸಾಲದೆ ದೊಡ್ಡ ಕಣಜ ಕಟ್ಟಲು ಹೊರಟ ಜಮೀನುದಾರನದು. ಲೋಭದ ಎಚ್ಚರಿಕೆ ಕೇಳುವವನಿಗೂ ಇದೆ, ಹಿಡಿದುಕೊಂಡವನಿಗೂ ಇದೆ.

ಇನ್ನು ಕಾನೂನು. ವಿಲ್ ಇಲ್ಲದೆ ತೀರಿಹೋದ ಕ್ರೈಸ್ತರ ಆಸ್ತಿಗೆ ನಮ್ಮ ಕಡೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಹೆಂಡತಿಗೆ ಮೂರರಲ್ಲಿ ಒಂದು ಭಾಗ, ಉಳಿದದ್ದು ಮಕ್ಕಳಿಗೆ, ಗಂಡು ಹೆಣ್ಣು ಭೇದವಿಲ್ಲದೆ ಸಮ. ನಿಮ್ಮದು ಅರವತ್ತು ಗುಂಟೆ. ಇಪ್ಪತ್ತು ಅಮ್ಮನದು, ನೀವು ನಾಲ್ವರಿಗೂ ಹತ್ತತ್ತು ಗುಂಟೆ. ನಿನ್ನ ಕಾಗದದಲ್ಲಿ ಅಮ್ಮನ ಪಾಲಿನ ಮಾತೇ ಇಲ್ಲ ತಂಗಿ. ಅದು ನನಗೆ ಚುಚ್ಚಿತು. ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗುವ ಮುಂಚೆ ಆ ಪತ್ರದ ನಕಲು ಕೇಳು. ಕೋಲಾರದ ನ್ಯಾಯಾಲಯದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. ಹೆಣ್ಣುಮಕ್ಕಳಿಗೆ, ಆದಾಯ ಎಷ್ಟೇ ಇರಲಿ, ವಕೀಲರ ಸಹಾಯ ಉಚಿತ. ಕೇಸು ಹಾಕು ಅನ್ನುತ್ತಿಲ್ಲ. ಓದಿಸಿಕೊಂಡು ಬಾ.

ನಾನೂ ಒಮ್ಮೆ ಇಂಥ ಪತ್ರಕ್ಕೆ ಸಹಿ ಹಾಕಿದವಳು. ಅಪ್ಪ ಬಿಟ್ಟದ್ದು ಒಂದು ಹೆಂಚಿನ ಮನೆ. ತಮ್ಮನಿಗೆ ಕಾಯಿಲೆ, ಎರಡು ಚಿಕ್ಕ ಮಕ್ಕಳು. ನನಗೆ ಟೀಚರ್ ಸಂಬಳ ಬರುತ್ತಿತ್ತು. ಅವನು ಕೇಳಲೇ ಇಲ್ಲ. ನಾನೇ ಹೋಗಿ ಸಹಿ ಹಾಕಿ ಬಂದೆ, ಆ ರಾತ್ರಿ ನೆಮ್ಮದಿಯಾಗಿ ಮಲಗಿದೆ. ನಿನಗೂ ಮುಂದೆ ಯಾವತ್ತಾದರೂ ಹಾಗೆ ಮನಸ್ಸಾದರೆ ಕೊಡು. ಕೊಡಬೇಕಾದರೆ ಅದು ಮೊದಲು ನಿನ್ನದಾಗಿರಬೇಕಲ್ಲ.

ನಿನ್ನ ಬಗ್ಗೆಯೂ ಒಂದು ಮಾತು, ಬೇಜಾರಾಗಬೇಡ. ಹತ್ತು ಗುಂಟೆಯ ದುಡ್ಡು ಸಣ್ಣದಲ್ಲ. ಕೈಗೆ ಬರುವ ಮುಂಚೆಯೇ ಯಜಮಾನರ ಜೊತೆ ಕೂತು ಯಾವುದಕ್ಕೆ ಎಷ್ಟು ಎಂದು ಬರೆದಿಡಿ. ಮಗಳ ಓದು ಮೊದಲ ಸಾಲಿನಲ್ಲಿರಲಿ. ಬಡತನವೂ ಬೇಡ, ಐಶ್ವರ್ಯವೂ ಬೇಡ, ನನಗೆ ತಕ್ಕಷ್ಟು ಆಹಾರ ಕೊಡು ಎಂದು ಆಗೂರ ಎಂಬವನು ದೇವರಲ್ಲಿ ಕೇಳಿಕೊಂಡದ್ದು ಜ್ಞಾನೋಕ್ತಿಗಳ ಮೂವತ್ತನೆಯ ಅಧ್ಯಾಯದಲ್ಲಿದೆ. ಆ ಪ್ರಾರ್ಥನೆಯನ್ನು ಪಟ್ಟಿಯ ಮೇಲೆ ಬರೆದುಕೋ. ನಾನು ಸಂಬಳ ಬಂದ ದಿನ ಹಾಗೇ ಮಾಡುತ್ತಿದ್ದೆ.

ಅಣ್ಣನ ಹತ್ತಿರ ಒಬ್ಬಳೇ ಹೋಗಬೇಡ, ಅಕ್ಕನನ್ನೋ ತಂಗಿಯನ್ನೋ ಕರೆದುಕೊಂಡು ಹೋಗು. ಜಗಳಕ್ಕೆ ಅಂತ ಹೋಗಬೇಡ. ‘ಅಣ್ಣ, ಯೋಬನ ಕೊನೆಯ ಅಧ್ಯಾಯ ನೀನೇ ಓದು, ನಾವು ಕೇಳ್ತೀವಿ’ ಅನ್ನು. ಹಿರಿಯರಾಗಿ ಸಭೆಯ ಮುಂದೆ ಓದುವವರು, ತಂಗಿಯರ ಮುಂದೆ ಓದಲಾರರೇ? ಓದುವಾಗ ಅಮ್ಮನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವರು ಏನಂದರು ಎಂದು ನನಗೆ ಇನ್ನೊಂದು ಕಾಗದ ಬರೆ.